ಬೆಂಗಳೂರಿನ ಹಳೆಯ ಪೇಟೆ: ಸ್ಥಳನಾಮಗಳ ಸಾಕ್ಷ್ಯ

ಬೆಂಗಳೂರು ಪೇಟೆಯ ನಿರ್ಮಾಪಕನು ಯಲಹಂಕ ನಾಡಪ್ರಭು ಒಂದನೆಯ ಕೆಂಪೇಗೌಡನೆಂಬುದು ಸರ್ವವಿದಿತ. ಕ್ರಿ. ಶ. 1537 ಅದರ ಸ್ಥಾಪನೆಯ ವರ್ಷವೆಂದು ಸಾಮಾನ್ಯವಾಗಿ ಅಂಗೀಕೃತವಾಗಿದೆ. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿ ಬೀದಿಗಳನ್ನು ಗುರುತಿಸಿದರೆಂಬುದು ಐತಿಹ್ಯ. ಅದು ಹೇಗೇ ಇರಲಿ, ಈ ಎರಡು ಬೀದಿಗಳೇ ಪೇಟೆಯ ಬೆನ್ನೆಲುಬಾಗಿದ್ದುವು. ಸುತ್ತಲೂ ಮಣ್ಣಿನ ಕೋಟೆಯೂ ಕಂದಕವೂ ಇದ್ದುವು. ಕೋಟೆಯ ಬಾಗಿಲುಗಳಿಗೆ ಹಲಸೂರು, ಯಲಹಂಕ, ಆನೇಕಲ್ಲು ಮೊದಲಾಗಿ ಅವುಗಳಿಂದ ಹೊರಡುವ ದಾರಿಗಳ ಊರ ಹೆಸರುಗಳೇ ಸಂದಿದ್ದುವು.

ಇಂದು ಆ ಕೋಟೆಯಿಲ್ಲ. 1791ನೆಯ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯವು ಹಲಸೂರು ಬಾಗಿಲನ್ನು ಭೇದಿಸಿ ಪೇಟೆಯನ್ನು ಹೊಕ್ಕಿತು. ಪೇಟೆಗೆ ದಕ್ಷಿಣದಲ್ಲಿದ್ದ ಕಲ್ಲುಕೋಟೆಯು ಅದೇ ತಿಂಗಳ 21ರಂದು ಆಂಗ್ಲರ ವಶವಾಯಿತು. ಮುಂದಿನ ಶತಮಾನದಲ್ಲಿ ಪೇಟೆಯ ಗೋಡೆಯನ್ನು ಕೆಡವಿ ಕಂದಕವನ್ನು ಮುಚ್ಚಲಾಯಿತು. ಸಿದ್ಧಿಕಟ್ಟೆಯ ನೆಲದಲ್ಲಿ 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ತಲೆಯೆತ್ತಿತು. ಹೀಗಿರುವಾಗ ಹಳೆಯ ಪೇಟೆಯ ನಕ್ಷೆಯನ್ನು ನಾವು ಎಲ್ಲಿ ಹುಡುಕಬೇಕು?

ಅದು ಹೆಸರುಗಳಲ್ಲಿದೆ. ಬಾಗಿಲು ಅಳಿದರೂ ಅಲ್ಲಿಯ ಪೊಲೀಸ್ ಠಾಣೆ ಹಲಸೂರು ಗೇಟಿನದೆಂದೇ ಹೆಸರಾಗಿದೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆಗಳು ಸರಕನ್ನು ಹೇಳಿದರೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆಗಳು ಜನವರ್ಗವನ್ನು ಹೇಳುತ್ತವೆ. ಒಂದೊಂದು ವೃತ್ತಿಗೆ ಒಂದೊಂದು ಕೇರಿಯಿದ್ದ ವರ್ತಕ ನಗರದ ವ್ಯವಸ್ಥೆ ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಎಲ್ಲ ಪೇಟೆಗಳನ್ನೂ ಕೆಂಪೇಗೌಡನ ಕಾಲಕ್ಕೇ ಸೇರಿಸುವುದು ಯುಕ್ತವಲ್ಲ. ಸುಲ್ತಾನಪೇಟೆಯೆಂಬ ಹೆಸರೇ ಮುಂದಿನ ಆಳ್ವಿಕೆಯೊಂದನ್ನು ಸೂಚಿಸುತ್ತದೆ. ಪೇಟೆಯು ಒಂದೇ ದಿನ ಕಟ್ಟಿದ್ದಲ್ಲ, ಪದರಪದರವಾಗಿ ಬೆಳೆದದ್ದು.

ಹೆಸರಿನಂತೆಯೇ ಆಚರಣೆಯೂ ಒಂದು ಸಾಕ್ಷ್ಯ. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗವು ಪೇಟೆಯ ಬೀದಿಗಳನ್ನು ಸುತ್ತಿ, ಅರಳೆಪೇಟೆಯಲ್ಲಿರುವ ತವಕ್ಕಲ್ ಮಸ್ತಾನರ ದರ್ಗಾವನ್ನೂ ಸಂದರ್ಶಿಸುತ್ತದೆ. ಯಾವ ಬೀದಿಗಳು ಒಂದೇ ಊರೆಂದು ಜನ ಭಾವಿಸಿದ್ದಾರೆಂಬುದನ್ನು ಆ ಹಾದಿಯೇ ತಿಳಿಸುತ್ತದೆ.

ದೊಡ್ಡಪೇಟೆಯು ಅವೆನ್ಯೂ ರಸ್ತೆಯಾದ ಮೇಲೆ ಚಿಕ್ಕಪೇಟೆಯು ಯಾವುದಕ್ಕೆ ಹೋಲಿಸಿದರೆ ಚಿಕ್ಕದೆಂಬುದೇ ಹೊಸಬರಿಗೆ ಅರ್ಥವಾಗದು. ಒಂದು ಹೆಸರು ಹೋದರೆ ಅದರೊಡನೆ ಮತ್ತೊಂದರ ಅರ್ಥವೂ ಹೋಗುತ್ತದೆ. ಶಾಸನದ ಕಲ್ಲನ್ನು ಕಾಯುವಷ್ಟೇ ಶ್ರದ್ಧೆಯಿಂದ ಬೀದಿಯ ಹೆಸರನ್ನೂ ಕಾಯಬೇಕು. ಹಳೆಯ ಕ್ರಯಪತ್ರಗಳಿಂದಲೂ ವೃದ್ಧರ ಮಾತಿನಿಂದಲೂ ಇವನ್ನು ಸಂಗ್ರಹಿಸುವ ಕಾರ್ಯಕ್ಕೆ ನಮ್ಮ ವಿದ್ಯಾರ್ಥಿಗಳು ತೊಡಗಬೇಕೆಂಬುದೇ ನಮ್ಮ ಆಶಯ.