ಪರೀಕ್ಷಕರನ್ನು ಪರೀಕ್ಷಿಸುವವರು ಯಾರು?

ವಿದ್ಯಾರ್ಥಿ ಮಿತ್ರರೇ, ಒಂದು ಕೊಲೆ ಮೊಕದ್ದಮೆಯನ್ನು ಊಹಿಸಿಕೊಳ್ಳಿ. ಪೊಲೀಸರು ಮಹಜರು ನಡೆಸಿ, ರಕ್ತದ ಕಲೆಯಿರುವ ಬಟ್ಟೆಯನ್ನು ಪೊಟ್ಟಣ ಕಟ್ಟಿ, ಅರಗಿನ ಮೊಹರು ಒತ್ತಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಕೆಲವು ತಿಂಗಳ ಮೇಲೆ ಅಲ್ಲಿಂದ ಒಂದು ವರದಿ ಬರುತ್ತದೆ. ನ್ಯಾಯಾಧೀಶರು ತಾವೇ ಸೂಕ್ಷ್ಮದರ್ಶಕದಲ್ಲಿ ನೋಡಿದವರಲ್ಲ. ವಕೀಲರು ಸಾಮಾನ್ಯವಾಗಿ ರಸಾಯನಶಾಸ್ತ್ರ ಓದಿದವರಲ್ಲ. ಕಟಕಟೆಯಲ್ಲಿ ನಿಂತ ಆರೋಪಿಗಂತೂ ವರದಿಯ ಭಾಷೆಯೇ ತಿಳಿಯದು. ಆದರೂ ಆ ಒಂದು ಹಾಳೆಯ ಮೇಲೆ ಮನುಷ್ಯನೊಬ್ಬನ ಬದುಕು ನಿಂತಿರುತ್ತದೆ. ಹಾಗಾದರೆ ಆ ಹಾಳೆ ಸರಿಯೆಂದು ಹೇಳುವವರು ಯಾರು?

ಈ ಪ್ರಶ್ನೆ ಎಷ್ಟು ಗಂಭೀರವಾದುದು ಎಂಬುದಕ್ಕೆ ಬ್ರಿಟನ್ನಿನ ಒಂದು ಪ್ರಕರಣ ಸಾಕು. 1974ರ ನವೆಂಬರ್ 21ರಂದು ಬರ್ಮಿಂಗ್‌ಹ್ಯಾಮ್ ನಗರದ ಎರಡು ಪಾನಗೃಹಗಳಲ್ಲಿ ಬಾಂಬು ಸಿಡಿದು 21 ಜನ ಸತ್ತರು. ಅದೇ ರಾತ್ರಿ ರೈಲಿನಲ್ಲಿ ಪ್ರಯಾಣ ಮಾಡಿದ್ದ ಕೆಲವರನ್ನು ಹಿಡಿದು, ಅವರ ಕೈಗಳನ್ನು ಒಂದು ರಾಸಾಯನಿಕ ಪರೀಕ್ಷೆಗೆ ಒಳಪಡಿಸಲಾಯಿತು. ಇಬ್ಬರ ಕೈಯಲ್ಲಿ ಸ್ಫೋಟಕದ ಅಂಶವಿದೆ ಎಂದು ತಜ್ಞರು ಹೇಳಿದರು. ಒಟ್ಟು ಆರು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ಇಸ್ಪೀಟು ಎಲೆಗಳ ಹೊಳಪಿನ ಲೇಪನವನ್ನು ಮುಟ್ಟಿದರೂ ಅದೇ ಫಲಿತಾಂಶ ಬರಬಹುದೆಂದು ಅನಂತರ ತಿಳಿದುಬಂತು. ಅವರು ರೈಲಿನಲ್ಲಿ ಇಸ್ಪೀಟು ಆಡುತ್ತಿದ್ದರು! ಪೊಲೀಸರು ಪಡೆದ ತಪ್ಪೊಪ್ಪಿಗೆಗಳೂ ನಂಬಲರ್ಹವಲ್ಲವೆಂದು ಕಂಡುಬಂದು, 1991ರ ಮಾರ್ಚ್‌ನಲ್ಲಿ ಆ ಆರು ಮಂದಿ ಬಿಡುಗಡೆಯಾದರು. ಅಷ್ಟರಲ್ಲಿ 16 ವರ್ಷಗಳು ಕಳೆದುಹೋಗಿದ್ದವು.

ಇಂಥ ಅನಾಹುತಗಳನ್ನು ತಡೆಯಲು ಜಗತ್ತು ಕಂಡುಕೊಂಡ ದಾರಿಗಳಲ್ಲಿ ಒಂದು, ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ಪದ್ಧತಿ. ಹೊರಗಿನವರು ಒಳಗೆ ಬಂದು ನೋಡುವುದು ಇದರ ತಿರುಳು. ಆದ್ದರಿಂದ ಇದರ ಇತಿಹಾಸವು ಬಹುಮಟ್ಟಿಗೆ ಪ್ರಯಾಣಗಳ ಇತಿಹಾಸವೇ ಆಗಿದೆ.

ಕಲಿಯಲು ಹೊರಟವರು

ಮೊದಲ ಪ್ರಯಾಣ ನಮ್ಮ ದೇಶದಿಂದಲೇ ಆರಂಭವಾಯಿತೆಂದರೆ ನಿಮಗೆ ಆಶ್ಚರ್ಯವಾಗಬಹುದು. 1897ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಬೆರಳಚ್ಚು ಕಚೇರಿ ಜಗತ್ತಿನ ಮೊತ್ತಮೊದಲ ಬೆರಳಚ್ಚು ಕಚೇರಿಗಳಲ್ಲಿ ಒಂದು. ಬೆರಳಚ್ಚುಗಳನ್ನು ವರ್ಗೀಕರಿಸುವ ವಿಧಾನವನ್ನು ರೂಪಿಸುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳ ಪಾತ್ರ ದೊಡ್ಡದು. ಆದರೆ ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯವರದಾಯಿತು. 1901ರಲ್ಲಿ ಹೆನ್ರಿ ಲಂಡನ್ನಿಗೆ ಹೋದಾಗ ಈ ವಿದ್ಯೆಯೂ ಅವರೊಂದಿಗೆ ಹಡಗು ಹತ್ತಿತು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಶ್ವಮೇಳಕ್ಕೆ ಕಾವಲಿಗೆಂದು ಬಂದಿದ್ದ ಸ್ಕಾಟ್ಲೆಂಡ್ ಯಾರ್ಡಿನ ಜಾನ್ ಫೆರಿಯರ್ ಅಲ್ಲಿನ ಪೊಲೀಸರಿಗೆ ಅದನ್ನು ಕಲಿಸಿಕೊಟ್ಟರು.

ಫ್ರಾನ್ಸಿನಲ್ಲಿ ಎಡ್ಮಂಡ್ ಲೊಕಾರ್ಡ್ 1910ರಲ್ಲಿ ಲಿಯಾನ್ ನಗರದ ನ್ಯಾಯಾಲಯದ ಕಟ್ಟಡದ ಅಟ್ಟದಲ್ಲಿ ಪುಟ್ಟ ಪ್ರಯೋಗಾಲಯವೊಂದನ್ನು ತೆರೆದರು. ಅಲ್ಲಿ ಅವರ ಬಳಿ ಕಲಿತ ಸ್ವೀಡನ್ನಿನ ಹ್ಯಾರಿ ಸೋಡರ್‌ಮನ್, 1934ರಲ್ಲಿ ನ್ಯೂಯಾರ್ಕ್ ಪೊಲೀಸರ ಪ್ರಯೋಗಾಲಯವನ್ನು ಕಟ್ಟಲು ನೆರವಾದರು. 1929ರಲ್ಲಿ ಷಿಕಾಗೋ ನಗರದಲ್ಲಿ ಏಳು ಮಂದಿಯ ಸಾಮೂಹಿಕ ಹತ್ಯೆ ನಡೆದಾಗ, ಗುಂಡುಗಳನ್ನು ಪರೀಕ್ಷಿಸಲು ಬಂದ ಕ್ಯಾಲ್ವಿನ್ ಗೊಡಾರ್ಡ್, ಅಲ್ಲಿ ಪ್ರಯೋಗಾಲಯ ಸ್ಥಾಪಿಸುವುದಕ್ಕೆ ಮುನ್ನ ಯೂರೋಪಿನ ಹಲವು ದೇಶಗಳನ್ನು ಸುತ್ತಿ ಅಲ್ಲಿನ ಪದ್ಧತಿಗಳನ್ನು ಕಣ್ಣಾರೆ ನೋಡಿಬಂದರು.

ಇವೆಲ್ಲ ವಿದ್ಯೆಯನ್ನು ಕಲಿಯುವ, ಕಲಿಸುವ ಪ್ರಯಾಣಗಳು. "ನಾವು ಮಾಡುತ್ತಿರುವ ಕೆಲಸ ಸರಿಯೇ, ನೀವು ಬಂದು ನೋಡಿ ಹೇಳಿ" ಎಂದು ಕೇಳುವ ಕಾಲ ಇನ್ನೂ ಬಂದಿರಲಿಲ್ಲ.

ಕನ್ನಡಿ ಹಿಡಿದ ಪರೀಕ್ಷೆ

1970ರ ದಶಕದಲ್ಲಿ ಅಮೆರಿಕದಲ್ಲಿ ಒಂದು ವಿಶಿಷ್ಟ ಪರೀಕ್ಷೆ ನಡೆಯಿತು. 200ಕ್ಕೂ ಹೆಚ್ಚು ಅಪರಾಧ ಪ್ರಯೋಗಾಲಯಗಳಿಗೆ ಒಂದೇ ಬಗೆಯ ಮಾದರಿಗಳನ್ನು ಕಳುಹಿಸಲಾಯಿತು. ರಕ್ತ, ಬಣ್ಣದ ಚೂರು, ಮಣ್ಣು, ಗುಂಡು, ಹೀಗೆ. ಸರಿಯುತ್ತರ ಕಳುಹಿಸಿದವರಿಗೆ ಮೊದಲೇ ಗೊತ್ತಿತ್ತು. 1978ರಲ್ಲಿ ಫಲಿತಾಂಶ ಹೊರಬಂದಾಗ ಎಲ್ಲರೂ ಬೆಚ್ಚಿಬಿದ್ದರು. ರಕ್ತದ ಒಂದು ಮಾದರಿಯಲ್ಲಿ ನೂರಕ್ಕೆ ಸುಮಾರು 70 ಪ್ರಯೋಗಾಲಯಗಳ ಉತ್ತರ ಒಪ್ಪತಕ್ಕದ್ದಾಗಿರಲಿಲ್ಲ. ಬಣ್ಣದ ಒಂದು ಮಾದರಿಯಲ್ಲಿ ಅರ್ಧದಷ್ಟು ಪ್ರಯೋಗಾಲಯಗಳು ಎಡವಿದ್ದವು. ಅವುಗಳಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಅಪ್ರಾಮಾಣಿಕರಾಗಿದ್ದರೆಂದು ಇದರ ಅರ್ಥವಲ್ಲ. ಪ್ರತಿಯೊಬ್ಬರೂ ತಮ್ಮ ಕೋಣೆಯೊಳಗೆ, ತಮ್ಮದೇ ಅಭ್ಯಾಸದಂತೆ, ಯಾರ ಕಣ್ಣಿಗೂ ಬೀಳದೆ ದುಡಿಯುತ್ತಿದ್ದರು, ಅಷ್ಟೆ.

ಈ ಆಘಾತದಿಂದ ಎಚ್ಚೆತ್ತ ಪ್ರಯೋಗಾಲಯ ನಿರ್ದೇಶಕರು ತಮ್ಮದೇ ಮಾನ್ಯತಾ ಮಂಡಳಿಯನ್ನು ರಚಿಸಿಕೊಂಡರು. 1982ರಲ್ಲಿ ಇಲಿನಾಯ್ ರಾಜ್ಯ ಪೊಲೀಸರ ಎಂಟು ಪ್ರಯೋಗಾಲಯಗಳು ಆ ಮಂಡಳಿಯ ಮಾನ್ಯತೆ ಪಡೆದವು. 1995ರಲ್ಲಿ ಯೂರೋಪಿನ ವಿಧಿವಿಜ್ಞಾನ ಸಂಸ್ಥೆಗಳು ಒಂದು ಒಕ್ಕೂಟವಾದವು. 1999ರಲ್ಲಿ ಎಲ್ಲ ಬಗೆಯ ಪರೀಕ್ಷಾ ಪ್ರಯೋಗಾಲಯಗಳಿಗೆ ಅನ್ವಯಿಸುವ ಐ.ಎಸ್.ಓ. 17025 ಎಂಬ ಅಂತರರಾಷ್ಟ್ರೀಯ ಮಾನಕ ಪ್ರಕಟವಾಯಿತು. 2005 ಮತ್ತು 2017ರಲ್ಲಿ ಅದು ಪರಿಷ್ಕೃತವಾಗಿದೆ.

ಮಾನ್ಯತೆಯೆಂದರೆ ಏನೆಂದು ನಿಮಗೆ ಸುಲಭವಾಗಿ ತಿಳಿಸಬಹುದು. ನಿಮ್ಮ ಕಾಲೇಜಿನ ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಪರೀಕ್ಷಕರು ಬರುತ್ತಾರಲ್ಲವೇ? ನಿಮ್ಮ ಅಧ್ಯಾಪಕರ ಮೇಲೆ ಅಪನಂಬಿಕೆಯಿಂದ ಅವರನ್ನು ಕರೆಸುವುದಿಲ್ಲ. ಪರಿಚಯದ ಕಣ್ಣಿಗೆ ಕಾಣದ್ದು ಅಪರಿಚಿತರ ಕಣ್ಣಿಗೆ ಕಾಣುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ. ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಬರುವ ಪರಿಶೀಲಕರು ಹಳೆಯ ಪ್ರಕರಣವೊಂದರ ಕಡತವನ್ನು ತಾವೇ ಆರಿಸಿ ಕೇಳುತ್ತಾರೆ. ಸಾಕ್ಷ್ಯವಸ್ತು ಯಾವ ದಿನ ಯಾರ ಕೈಯಿಂದ ಯಾರ ಕೈಗೆ ಹೋಯಿತು? ತೂಕದ ಯಂತ್ರವನ್ನು ಕೊನೆಯ ಬಾರಿ ಸರಿನೋಡಿದ್ದು ಯಾವಾಗ? ಶೀತಕದ ಉಷ್ಣತೆಯನ್ನು ದಿನವೂ ಬರೆದಿಟ್ಟಿದ್ದೀರಾ? ಈ ಪರೀಕ್ಷೆ ಮಾಡಿದವರಿಗೆ ತರಬೇತಿ ಸಿಕ್ಕಿದೆಯೇ? ಎರಡನೆಯವರು ಫಲಿತಾಂಶವನ್ನು ಮರುಪರಿಶೀಲಿಸಿದರೇ? ಉತ್ತರ ಬಾಯಿಮಾತಿನಲ್ಲಿದ್ದರೆ ಸಾಲದು, ಬರಹದಲ್ಲಿರಬೇಕು.

ಅರ್ಜೆಂಟೀನದ ವಿದ್ಯಾರ್ಥಿಗಳು

ಬಡತನ, ಯುದ್ಧ, ಸರ್ವಾಧಿಕಾರಗಳಿಂದ ನಲುಗಿದ ದೇಶಗಳಲ್ಲಿ ಈ ಮಟ್ಟವನ್ನು ತಲುಪುವುದು ಹೇಗೆ? ಅಲ್ಲಿಯೇ ಅಂತರರಾಷ್ಟ್ರೀಯ ಭೇಟಿಗಳ ನಿಜವಾದ ಮಹತ್ವ ಕಾಣುವುದು. ಮಾನಕದ ಪುಸ್ತಕವನ್ನು ಯಾರು ಬೇಕಾದರೂ ತರಿಸಿಕೊಳ್ಳಬಹುದು. ಅದರಂತೆ ದಿನನಿತ್ಯ ನಡೆಯುವುದನ್ನು ಪಕ್ಕದಲ್ಲಿ ನಿಂತೇ ಕಲಿಯಬೇಕು.

1976ರಿಂದ 1983ರವರೆಗೆ ಅರ್ಜೆಂಟೀನದಲ್ಲಿ ಸೈನಿಕ ಆಳ್ವಿಕೆಯಿತ್ತು. ಸಾವಿರಾರು ಜನ ಕಾಣೆಯಾದರು. ಪ್ರಜಾಪ್ರಭುತ್ವ ಮರಳಿದಾಗ ಹೆಸರಿಲ್ಲದ ಗೋರಿಗಳನ್ನು ಅವಸರದಲ್ಲಿ, ಯಂತ್ರಗಳಿಂದ ಅಗೆಯತೊಡಗಿದರು. ಎಲುಬುಗಳು ಮುರಿದು ಒಂದರೊಡನೊಂದು ಬೆರೆತುಹೋಗುತ್ತಿದ್ದವು. ಅವುಗಳೊಂದಿಗೆ ಸಾಕ್ಷ್ಯವೂ ನಾಶವಾಗುತ್ತಿತ್ತು. 1984ರಲ್ಲಿ ಅಮೆರಿಕದಿಂದ ಬಂದ ವಿಜ್ಞಾನಿಗಳ ತಂಡದಲ್ಲಿದ್ದ ಮಾನವಶಾಸ್ತ್ರಜ್ಞ ಕ್ಲೈಡ್ ಸ್ನೋ ಇದನ್ನು ನಿಲ್ಲಿಸಿರೆಂದು ಕೇಳಿಕೊಂಡರು. ಅವರ ನೆರವಿಗೆ ಮುಂದೆ ಬಂದವರು ವಿದ್ಯಾರ್ಥಿಗಳು. ಪುರಾತತ್ವ, ವೈದ್ಯಕೀಯ, ಮಾನವಶಾಸ್ತ್ರ ಓದುತ್ತಿದ್ದ ಯುವಕ ಯುವತಿಯರು ಕುಂಚ ಹಾಗೂ ಸಣ್ಣ ಕರಣೆ ಹಿಡಿದು ಮಣ್ಣು ಸರಿಸಿದರು, ಪ್ರತಿ ಎಲುಬಿನ ಸ್ಥಾನವನ್ನು ಗುರುತಿಸಿದರು, ಛಾಯಾಚಿತ್ರ ತೆಗೆದರು. 1985ರಲ್ಲಿ ಸೈನಿಕ ನಾಯಕರ ವಿಚಾರಣೆಯಲ್ಲಿ ಸ್ನೋ ಸಾಕ್ಷ್ಯ ನುಡಿದರು.

ಅದೇ ಕಾಲದಲ್ಲಿ, ಕದ್ದೊಯ್ಯಲ್ಪಟ್ಟ ತಮ್ಮ ಮೊಮ್ಮಕ್ಕಳನ್ನು ಹುಡುಕುತ್ತಿದ್ದ ಅಜ್ಜಿಯರಿಗೆ ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ನೆರವಾದರು. ತಂದೆತಾಯಿ ಬದುಕಿಲ್ಲದಿದ್ದರೂ ಅಜ್ಜಅಜ್ಜಿಯರ ರಕ್ತದಿಂದ ಮಗುವಿನ ಮೂಲವನ್ನು ಲೆಕ್ಕಹಾಕುವ ವಿಧಾನಕ್ಕೆ ಇಲ್ಲಿ ರೂಪ ಬಂತು. ಸ್ನೋ ತರಬೇತಿ ನೀಡಿದ ವಿದ್ಯಾರ್ಥಿಗಳ ತಂಡ ಮುಂದೆ 1992ರಲ್ಲಿ ಎಲ್ ಸಾಲ್ವಡಾರಿಗೆ, 1997ರಲ್ಲಿ ಬೊಲಿವಿಯಾಕ್ಕೆ, ಇನ್ನೂ ಹಲವು ದೇಶಗಳಿಗೆ ಹೋಗಿ ಕೆಲಸ ಮಾಡಿತು. ಕಲಿತವರು ಕಲಿಸುವವರಾದರು.

ಬೋಸ್ನಿಯಾದ ಪ್ರಯೋಗಾಲಯ

ಯೂರೋಪಿನ ಬೋಸ್ನಿಯಾದಲ್ಲಿ 1992ರಿಂದ 1995ರವರೆಗೆ ಯುದ್ಧ ನಡೆಯಿತು. ಹಿಂದಿನ ಯುಗೋಸ್ಲಾವಿಯಾದಲ್ಲಿ ಒಟ್ಟು ಸುಮಾರು 40,000 ಜನ ಕಾಣೆಯಾದರು. 1995ರ ಜುಲೈಯಲ್ಲಿ ಸ್ರೆಬ್ರೆನಿಟ್ಸಾ ಎಂಬಲ್ಲಿ ಸುಮಾರು 8,000 ಗಂಡಸರು ಮತ್ತು ಹುಡುಗರನ್ನು ಕೊಂದು ಹೂಳಲಾಯಿತು. ಕೊಂದವರು ಸುಳಿವು ಅಳಿಸಲು ಗೋರಿಗಳನ್ನು ಯಂತ್ರಗಳಿಂದ ಬಗೆದು ಹೆಣಗಳನ್ನು ಬೇರೆಡೆಗೆ ಸಾಗಿಸಿದ್ದರಿಂದ, ಒಬ್ಬನೇ ವ್ಯಕ್ತಿಯ ಎಲುಬುಗಳು ಎರಡು ಮೂರು ಕಡೆ ಸಿಕ್ಕಿದ್ದೂ ಉಂಟು. ಬಟ್ಟೆಬರೆ ನೋಡಿ ಗುರುತಿಸುವುದು ಅಸಾಧ್ಯವಾಗಿತ್ತು.

1996ರಲ್ಲಿ ಕಾಣೆಯಾದವರಿಗಾಗಿ ಅಂತರರಾಷ್ಟ್ರೀಯ ಆಯೋಗವೊಂದು ರಚನೆಯಾಯಿತು. ಹೊರದೇಶಗಳ ತಜ್ಞರು ಬಂದರು. ಸ್ಥಳೀಯ ಯುವ ವಿಜ್ಞಾನಿಗಳು ಅವರೊಂದಿಗೆ ನಿಂತು ಕೆಲಸ ಕಲಿತರು. ಬದುಕುಳಿದ ಬಂಧುಗಳ ರಕ್ತದ ಹನಿಗಳನ್ನೂ ಎಲುಬಿನ ಮಾದರಿಗಳನ್ನೂ ಹೆಸರಿಲ್ಲದೆ, ಬರೀ ಸಂಕೇತ ಸಂಖ್ಯೆಗಳಡಿ ಪರೀಕ್ಷಿಸುವ ವ್ಯವಸ್ಥೆ ಮಾಡಿದರು. ತನ್ನ ಮುಂದಿರುವ ಎಲುಬು ಯಾವ ಜನಾಂಗದವನದು ಎಂದು ಪರೀಕ್ಷಿಸುವವರಿಗೂ ತಿಳಿಯುತ್ತಿರಲಿಲ್ಲ. ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ನಾಡಿನಲ್ಲಿ ಇದು ಎಷ್ಟು ಮುಖ್ಯವೆಂದು ನೀವೇ ಯೋಚಿಸಿ. 2001ರ ನವೆಂಬರಿನಲ್ಲಿ ಡಿ.ಎನ್.ಎ. ಹೊಂದಾಣಿಕೆಯ ಮೂಲಕ ಮೊದಲ ಗುರುತು ಸಿಕ್ಕಿತು. ಅದು 15 ವರ್ಷದ ಒಬ್ಬ ಹುಡುಗನದು. 2007ರಲ್ಲಿ ಆಯೋಗದ ಪ್ರಯೋಗಾಲಯ ಐ.ಎಸ್.ಓ. 17025 ಮಾನಕದಂತೆ ಮಾನ್ಯತೆ ಪಡೆಯಿತು. ಸ್ರೆಬ್ರೆನಿಟ್ಸಾದಲ್ಲಿ ಸತ್ತವರ ಪೈಕಿ ಸುಮಾರು 7,000 ಮಂದಿಯ ಗುರುತು ಇದುವರೆಗೆ ಪತ್ತೆಯಾಗಿದೆ. ಹೇಗ್ ನಗರದ ಯುದ್ಧಾಪರಾಧ ನ್ಯಾಯಾಲಯದಲ್ಲಿ ಈ ಫಲಿತಾಂಶಗಳನ್ನು ಆರೋಪಿಗಳ ಕಡೆಯವರು ಪ್ರಶ್ನಿಸಿದಾಗ, ಉತ್ತರ ಕೊಡಲು ದಾಖಲೆಗಳಿದ್ದವು.

2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ಥಾಯ್ಲೆಂಡಿನಲ್ಲಿ ಸತ್ತವರ ಎಲುಬಿನ ಮಾದರಿಗಳು ಪರೀಕ್ಷೆಗೆಂದು ಬೋಸ್ನಿಯಾಕ್ಕೆ ಬಂದವು. ಹತ್ತು ವರ್ಷಗಳ ಹಿಂದೆ ನೆರವು ಬೇಡುತ್ತಿದ್ದ ನಾಡು ಜಗತ್ತಿಗೆ ನೆರವು ನೀಡುವಂತಾಯಿತು.

ಪ್ರಮಾಣಪತ್ರವೊಂದೇ ಸಾಲದು

ಮಾನ್ಯತೆ ಸಿಕ್ಕಿದರೆ ತಪ್ಪೇ ಆಗದೇ? ಆಗುತ್ತದೆ. ಅಮೆರಿಕದ ಎಫ್.ಬಿ.ಐ. ಪ್ರಯೋಗಾಲಯಕ್ಕೆ 1998ರಲ್ಲೇ ಮಾನ್ಯತೆ ದೊರೆತಿತ್ತು. 2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬು ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಡಿಟೊನೇಟರುಗಳಿದ್ದ ಚೀಲವೊಂದರ ಮೇಲೆ ಸಿಕ್ಕಿದ ಬೆರಳಚ್ಚು ಅಮೆರಿಕದ ಆರೆಗಾನ್ ರಾಜ್ಯದ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರದೆಂದು ಎಫ್.ಬಿ.ಐ. ತಜ್ಞರು ನಿರ್ಧರಿಸಿದರು. ಏಪ್ರಿಲ್‌ನಲ್ಲಿಯೇ ಸ್ಪೇನಿನ ಪೊಲೀಸರು ಇದು ಹೊಂದುವುದಿಲ್ಲವೆಂದು ತಿಳಿಸಿದ್ದರು. ಎಫ್.ಬಿ.ಐ. ತನ್ನ ತಜ್ಞರೊಬ್ಬರನ್ನು ಮ್ಯಾಡ್ರಿಡ್‌ಗೆ ಕಳುಹಿಸಿತು. ಆದರೆ ಕೇಳಿ ತಿಳಿಯುವುದಕ್ಕಿಂತ ಒಪ್ಪಿಸುವುದೇ ಆ ಭೇಟಿಯ ಉದ್ದೇಶವಾದಂತಿತ್ತು. ಮೇ 6ರಂದು ಮೇಫೀಲ್ಡ್ ಬಂಧನವಾಯಿತು. ಎರಡು ವಾರಗಳ ನಂತರ ಸ್ಪೇನ್ ಆ ಬೆರಳಚ್ಚು ಅಲ್ಜೀರಿಯದ ಬೇರೊಬ್ಬನದೆಂದು ತೋರಿಸಿಕೊಟ್ಟಿತು. ಮೇಫೀಲ್ಡ್ ಬಿಡುಗಡೆಯಾದರು; ಸರ್ಕಾರ ಕ್ಷಮೆ ಕೇಳಿ 2006ರಲ್ಲಿ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಆಮೇಲೆ ಎಫ್.ಬಿ.ಐ. ಮಾಡಿದ ಒಂದು ಕೆಲಸ ಮೆಚ್ಚತಕ್ಕದ್ದು. ಹೊರಗಿನ ಬೆರಳಚ್ಚು ತಜ್ಞರ ಅಂತರರಾಷ್ಟ್ರೀಯ ಸಮಿತಿಯೊಂದನ್ನು ಕರೆಸಿ ತನ್ನ ತಪ್ಪನ್ನು ಪರಿಶೀಲಿಸಲು ಒಪ್ಪಿಸಿತು. ಮೊದಲನೆಯವರ ತೀರ್ಮಾನ ಗೊತ್ತಿದ್ದುದರಿಂದಲೇ ಅನಂತರದವರೂ ಅದನ್ನೇ ಕಂಡರು ಎಂಬ ಪಾಠ ಈ ಘಟನೆಯಿಂದ ದೊರಕಿತು.

ನಮ್ಮ ನಾಡಿನಲ್ಲಿ

ಭಾರತದಲ್ಲಿಯೂ ಇಂಥ ಪ್ರಯಾಣಗಳಿಗೆ ಕೊರತೆಯಿಲ್ಲ. 1974ರಲ್ಲಿ ಫೆಲೋಷಿಪ್ ಪಡೆದು ಎಡಿನ್‌ಬರೋಗೆ ಹೋದ ಲಾಲ್‌ಜಿ ಸಿಂಗ್ 1987ರಲ್ಲಿ ಹೈದರಾಬಾದಿಗೆ ಮರಳಿ, ದೇಶದಲ್ಲಿ ಡಿ.ಎನ್.ಎ. ಬೆರಳಚ್ಚು ವಿದ್ಯೆಗೆ ಅಡಿಪಾಯ ಹಾಕಿದರು. ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ನಮ್ಮ ರಾಷ್ಟ್ರೀಯ ಮಂಡಳಿ ಎನ್.ಎ.ಬಿ.ಎಲ್. 2000ದಲ್ಲಿ ಅಂತರರಾಷ್ಟ್ರೀಯ ಪರಸ್ಪರ ಮನ್ನಣೆಯ ಒಪ್ಪಂದಕ್ಕೆ ಸೇರಿತು. ಅದರ ನಿಯಮದಂತೆ ಮಾನ್ಯತೆ ನೀಡುವ ಸಂಸ್ಥೆಯನ್ನೂ ಬೇರೆ ದೇಶಗಳ ತಜ್ಞರು ಬಂದು ಪರಿಶೀಲಿಸುತ್ತಾರೆ. ಪರೀಕ್ಷಕರಿಗೂ ಪರೀಕ್ಷಕರು!

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರುವುದನ್ನು ಹಂತಹಂತವಾಗಿ ಕಡ್ಡಾಯ ಮಾಡುತ್ತದೆ. ಪ್ರಯೋಗಾಲಯಗಳ ಮೇಲೆ ಕೆಲಸದ ಹೊರೆ ಇನ್ನಷ್ಟು ಬೀಳಲಿದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ 2023ರಲ್ಲಿ ಶಂಕುಸ್ಥಾಪನೆಯಾಗಿದೆ. ನಿಮ್ಮಲ್ಲಿ ಕೆಲವರು ಈ ವೃತ್ತಿಗೆ ಬರಬಹುದು. ಬಂದರೆ, ಉಪಕರಣಗಳ ಬೆಲೆಗಿಂತ ಹೆಚ್ಚಿನದೊಂದನ್ನು ನೆನಪಿಡಿ. ಹೊರಗಿನಿಂದ ಬಂದವರು "ಇದನ್ನು ಹೇಗೆ ಕಂಡುಕೊಂಡಿರಿ, ತೋರಿಸಿ" ಎಂದು ಕೇಳಿದಾಗ ಮುಖ ಸಿಂಡರಿಸದೆ ಕಡತವನ್ನು ಮುಂದಿಡುವ ಮನಸ್ಸು ಬೇಕು. ಪ್ರಯೋಗಾಲಯದ ಒಳಗೆಂದೂ ಕಾಲಿಡಲಾಗದ ಆರೋಪಿಯ ಪರವಾಗಿ ಆ ಪ್ರಶ್ನೆಯನ್ನು ಕೇಳುವವರು ಅವರೊಬ್ಬರೇ.