ಡ್ರೈನ್ ಬೋಲ್ಟಿನ ಸುತ್ತುಗಳು: ಹಳೆಯ ಕಾರು, ಲೇತು ಮತ್ತು ಅಳತೆಗಳ ಇತಿಹಾಸ

ಮೋಟಾರು ಕಾರಿನ ಎಂಜಿನ್ನಿನ ತಳದಲ್ಲಿ ಆಯಿಲ್ ಬಂದು ನಿಲ್ಲುವ ಲೋಹದ ತಟ್ಟೆಗೆ ಸಂಪು ಎಂದು ಹೆಸರು. ಬೆಂಗಳೂರಿನ ಮನೆಗಳಲ್ಲಿ ಕಾವೇರಿ ನೀರು ತುಂಬಿಡುವ ನೆಲದಡಿಯ ತೊಟ್ಟಿಗೂ ಇದೇ ಹೆಸರಿರುವುದು ಆಕಸ್ಮಿಕವಲ್ಲ, ಎರಡೂ ದ್ರವವು ತಗ್ಗಿಗಿಳಿದು ಸೇರುವ ಜಾಗಗಳೇ. ಈ ಸಂಪಿನ ಅತ್ಯಂತ ತಗ್ಗಿನ ಭಾಗದಲ್ಲಿರುವ ರಂಧ್ರವನ್ನು ಮುಚ್ಚುವ ಗಿಡ್ಡ ಬೋಲ್ಟನ್ನು ಗ್ಯಾರೇಜುಗಳಲ್ಲಿ ಡ್ರೈನ್ ಬೋಲ್ಟು ಎನ್ನುತ್ತಾರೆ. ಹಳೆಯ ಆಯಿಲ್ ಇಳಿಸುವಾಗಲೆಲ್ಲ ಇದನ್ನು ಬಿಚ್ಚಿ ಮತ್ತೆ ಬಿಗಿಯಬೇಕಾದುದರಿಂದ, ಎಂಜಿನ್ನಿನ ಉಳಿದ ಬೋಲ್ಟುಗಳು ದಶಕಗಟ್ಟಲೆ ಅಲುಗದೆ ಕುಳಿತಿದ್ದರೂ ಇದೊಂದು ಮಾತ್ರ ನೂರಾರು ಸಲ ಸ್ಪ್ಯಾನರಿನ ಕೈಗೆ ಸಿಕ್ಕು, ಕೊನೆಗೊಂದು ದಿನ ಅದರ ಅಥವಾ ರಂಧ್ರದ ಒಳಮೈಯ ಸುತ್ತುಗೆರೆಗಳು, ಅಂದರೆ ಥ್ರೆಡ್ಡುಗಳು, ಸವೆದು ಕಿತ್ತುಬರುತ್ತವೆ. ಈ ಹಾನಿಗೆ ಸವೆತವೊಂದೇ ಕಾರಣವೆಂದು ಹೇಳುವುದು ವಾಡಿಕೆ. ಆದರೆ ಭಾರತದ ಹಳೆಯ ಕಾರುಗಳ ಮಟ್ಟಿಗೆ ಈ ವಿವರಣೆ ಅರ್ಧ ಸತ್ಯವಷ್ಟೇ. ಉಳಿದರ್ಧವು ಇಂಗ್ಲೆಂಡ್, ಅಮೆರಿಕ ಮತ್ತು ಯೂರೋಪುಗಳ ಅಳತೆಗಳು ಒಂದೇ ಗ್ಯಾರೇಜಿನ ಒಂದೇ ಡಬ್ಬಿಯಲ್ಲಿ ಬೆರೆತುಹೋದ ಕಥೆ.

ಥ್ರೆಡ್ಡಿಗೆ ಸರ್ವಸಮ್ಮತವಾದ ಅಳತೆಯೊಂದು ಬೇಕೆಂಬ ವಿಚಾರವೇ ಬಹಳ ಹಳೆಯದಲ್ಲ. ಒಂದೊಂದು ಕಾರ್ಖಾನೆಯೂ ತನ್ನದೇ ಹದದ ತಿರುಪುಗಳನ್ನು ಕೊರೆಯುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಅನೇಕ ಕಾರ್ಖಾನೆಗಳ ತಿರುಪುಗಳನ್ನು ಸಂಗ್ರಹಿಸಿ, ಅವುಗಳ ಸರಾಸರಿ ತೆಗೆದು, 55 ಡಿಗ್ರಿ ಕೋನದ ಥ್ರೆಡ್ಡೊಂದನ್ನು 1841ರಲ್ಲಿ ಸೂಚಿಸಿದನು. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿಯ, ತುದಿ ಚಪ್ಪಟೆಯಾದ ಥ್ರೆಡ್ಡನ್ನು ಮುಂದಿಟ್ಟನು. ವಿಟ್‌ವರ್ತನ ದುಂಡು ತುದಿಯನ್ನು ಕೊರೆಯಲು ಹೆಚ್ಚಿನ ಪರಿಕರ ಮತ್ತು ಪರಿಣತಿ ಬೇಕು, ಚಪ್ಪಟೆ ತುದಿಯಾದರೆ ಸಾಮಾನ್ಯ ಕೆಲಸಗಾರನೂ ಕೊರೆಯಬಲ್ಲನೆಂಬುದು ಅವನ ವಾದ. ಯೂರೋಪಿನ ದೇಶಗಳು 1898ರಲ್ಲಿ ಜ್ಯೂರಿಕ್ ನಗರದಲ್ಲಿ ಸೇರಿ ಮಿಲಿಮೀಟರಿನ ಥ್ರೆಡ್ಡನ್ನು ಒಪ್ಪಿಕೊಂಡವು. ಹೀಗೆ ಮೋಟಾರು ಕಾರು ಇನ್ನೂ ಎಳೆಗೂಸಾಗಿದ್ದಾಗಲೇ ಅದಕ್ಕೆ ಬೇಕಾದ ಬೋಲ್ಟುಗಳು ಒಂದಕ್ಕೊಂದು ಹೊಂದದ ಮೂರು ಬಳಗಗಳಾಗಿ ಒಡೆದಿದ್ದವು.

ಈ ಬಳಗಗಳು ಬೆರೆತ ವಿಚಿತ್ರಗಳಲ್ಲಿ ಇಂಗ್ಲೆಂಡಿನ ಮಾರಿಸ್ ಕಾರುಗಳ ಎಂಜಿನ್ನಿನದು ವಿಶೇಷವಾಗಿ ಗಮನಾರ್ಹವಾಗಿದೆ. ಫ್ರಾನ್ಸಿನ ಹಾಚ್ಕಿಸ್ ಎಂಬ ಶಸ್ತ್ರಾಸ್ತ್ರ ಕಂಪನಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು; ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ಮಾರಿಸ್ ಕಾರುಗಳಿಗೆ ಎಂಜಿನ್ ಮಾಡಿಕೊಡತೊಡಗಿತು, 1923ರಲ್ಲಿ ಆ ಕಾರುಗಳ ತಯಾರಕ ಮಾರಿಸ್ ಅದನ್ನು ಕೊಂಡೂಕೊಂಡನು. ಯಂತ್ರಗಳೆಲ್ಲ ಮಿಲಿಮೀಟರಿನ ಲೆಕ್ಕಕ್ಕೆ ಸಜ್ಜಾಗಿದ್ದುದರಿಂದ ಬೋಲ್ಟುಗಳ ಥ್ರೆಡ್ಡು ಮಿಲಿಮೀಟರಿನದೇ ಆಯಿತು, ಆದರೆ ಇಂಗ್ಲಿಷ್ ಮೆಕ್ಯಾನಿಕ್ಕುಗಳ ಬಳಿಯಿದ್ದ ಸ್ಪ್ಯಾನರು ಕೂರಬೇಕೆಂಬ ಕಾರಣಕ್ಕೆ ಅದೇ ಬೋಲ್ಟಿನ ತಲೆಯನ್ನು ವಿಟ್‌ವರ್ತ್ ಅಳತೆಗೆ ಕಡೆದರು. ತಲೆ ಇಂಗ್ಲೆಂಡಿನದು, ಮೈ ಫ್ರಾನ್ಸಿನದು. ಈ ಪದ್ಧತಿ ಮುಂದಿನ ಮಾರಿಸ್ ಎಂಜಿನ್ನುಗಳಿಗೂ ಇಳಿದು, ಮಾರಿಸ್ ಟೆನ್ ಕಾರಿನ ಭಾರತೀಯ ರೂಪವಾದ ಹಿಂದೂಸ್ತಾನ್ ಟೆನ್ ಮೂಲಕ ಇಲ್ಲಿಗೂ ಬಂದಿತು. ತಲೆಯ ಅಳತೆ ನೋಡಿ ಥ್ರೆಡ್ಡನ್ನು ಊಹಿಸಿದ ಮೇಸ್ತ್ರಿಯು ಸಂಪನ್ನು ಕೆಡಿಸಿದ್ದರೆ ಅದನ್ನು ಅವನ ಅಜ್ಞಾನವೆನ್ನುವುದು ಅನ್ಯಾಯ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಯಂತ್ರಕ್ಕೆ ಅಮೆರಿಕದ ಬೋಲ್ಟು ಕೂರದೆ ಪಟ್ಟ ಪಾಡಿನ ಫಲವಾಗಿ, 1948ರ ನವೆಂಬರಿನಲ್ಲಿ ಬ್ರಿಟನ್, ಅಮೆರಿಕ ಮತ್ತು ಕೆನಡಾಗಳು ಯೂನಿಫೈಡ್ ಎಂಬ ಏಕೀಕೃತ ಥ್ರೆಡ್ಡನ್ನು ಒಪ್ಪಿಕೊಂಡವು. ಅಳತೆ ಅಂಗುಲದ್ದು, ಕೋನ ಮಾತ್ರ ಅಮೆರಿಕದ 60 ಡಿಗ್ರಿ. ಕೊಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರು ಈ ಹೊಸ ವ್ಯವಸ್ಥೆಯ ಕೂಸು. ಅದರ 1489 ಸಿ.ಸಿ. ಎಂಜಿನ್ನಿನಲ್ಲಿ ಬಹುಪಾಲು ಬೋಲ್ಟುಗಳು ಯೂನಿಫೈಡ್ ಆಗಿದ್ದರೂ ಹಳೆಯ ಬ್ರಿಟಿಷ್ ರೂಢಿಗಳು ಅಲ್ಲಲ್ಲಿ ಉಳಿದುಕೊಂಡಿದ್ದವು. ಬ್ರಿಟಿಷ್ ಎಂಜಿನ್ನುಗಳಲ್ಲಿ ಆಯಿಲ್ ಹರಿಯುವ ಜೋಡಣೆಗಳಿಗೆ ನಲ್ಲಿಯ ಕೊಳವೆಗಳಲ್ಲಿರುವ ಪೈಪ್ ಥ್ರೆಡ್ಡನ್ನು ಬಳಸುವುದು ಅಂಥದೊಂದು ರೂಢಿ. ಈ ಥ್ರೆಡ್ಡಿನ ಹೆಸರೇ ಮೋಸ ಮಾಡುವಂಥದು: ಅರ್ಧ ಅಂಗುಲದ ಪೈಪ್ ಥ್ರೆಡ್ಡೆಂದರೆ ಕೊಳವೆಯ ಒಳಗಂಡಿಯ ಲೆಕ್ಕ, ಹೊರಗಿನ ವ್ಯಾಸ ಸುಮಾರು 21 ಮಿ.ಮೀ. ಇರುತ್ತದೆ. ಇದೇ ರಸ್ತೆಗಳಲ್ಲಿ ಓಡುತ್ತಿದ್ದ ಇನ್ನೊಂದು ಕಾರು, ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯೆಂಬ ಹೆಸರು ಪಡೆದ ಫಿಯೆಟ್, ಇಟಲಿಯ ಮೂಲದ್ದಾದುದರಿಂದ ಪೂರ್ತಿ ಮಿಲಿಮೀಟರಿನದು. 1990ರ ದಶಕದಲ್ಲಿ ಅಂಬಾಸಿಡರಿಗೂ ಜಪಾನಿನ ಇಸುಝು ಎಂಜಿನ್ ಕೂತಾಗ, ಹೊರಗೆ ಅದೇ ದುಂಡು ಮೈಯುಳ್ಳ ಕಾರಿನ ಎಂಜಿನ್ನು ಸದ್ದಿಲ್ಲದೆ ಅಂಗುಲದಿಂದ ಮಿಲಿಮೀಟರಿಗೆ ಬದಲಾಯಿತು.

ಸ್ವಲ್ಪವೂ ಹೊಂದದ ಬೋಲ್ಟು ಅಪಾಯಕಾರಿಯಲ್ಲ, ಏಕೆಂದರೆ ಅದು ಕೂರುವುದೇ ಇಲ್ಲ. ಕೇಡು ಮಾಡುವುದು ಹೆಚ್ಚುಕಡಿಮೆ ಹೊಂದುವ ಬೋಲ್ಟು. ಅರ್ಧ ಅಂಗುಲದ ಯೂನಿಫೈಡ್ ಸಣ್ಣ ಥ್ರೆಡ್ಡಿನಲ್ಲಿ ಅಂಗುಲಕ್ಕೆ 20 ಸುತ್ತುಗಳು, ಅಂದರೆ ಸುತ್ತಿನಿಂದ ಸುತ್ತಿಗೆ 1.27 ಮಿ.ಮೀ. ದೂರ, ಟೊಯೊಟಾ ಕಾರುಗಳಲ್ಲಿ ಸಾಮಾನ್ಯವಾದ 12 ಮಿ.ಮೀ. ಡ್ರೈನ್ ಬೋಲ್ಟಿನಲ್ಲಿ ಈ ದೂರ 1.25 ಮಿ.ಮೀ. ಎರಡನ್ನೂ ಪಕ್ಕಪಕ್ಕ ಹಿಡಿದರೆ ಕಣ್ಣಿಗೆ ವ್ಯತ್ಯಾಸ ಕಾಣದು. ಮೊದಲನೆಯದರ ರಂಧ್ರಕ್ಕೆ ಎರಡನೆಯ ಬೋಲ್ಟನ್ನು ಹಾಕಿದರೆ ಅದು ಸಲೀಸಾಗಿ ತಿರುಗುತ್ತ ಒಳಹೋಗಿ ಕೂತಂತೆಯೂ ಅನಿಸುತ್ತದೆ, ಆದರೆ ವ್ಯಾಸದಲ್ಲಿ 0.7 ಮಿ.ಮೀ. ಕಡಿಮೆಯಿರುವುದರಿಂದ ಹಲ್ಲಿನ ತುದಿಗೆ ತುದಿ ಮಾತ್ರ ತಾಗಿ, ಇರಬೇಕಾದ ಹಿಡಿತದ ಅರ್ಧವೂ ಸಿಗುವುದಿಲ್ಲ. ಕೊನೆಯ ಕಾಲು ಸುತ್ತು ಬಿಗಿಯುವಾಗ ಆ ತುದಿಗಳು ಮುರಿದು, ಬೋಲ್ಟು ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದೇ ಥ್ರೆಡ್ ಸ್ಲಿಪ್ ಆಗುವುದು. ಅಂಗುಲದ ಎಂಟನೆಯ ಒಂದು ಭಾಗವನ್ನು ನೂಲು ಎಂದು ಕರೆದು ಅದರಲ್ಲೇ ಮರ ಅಳೆಯುತ್ತಿದ್ದ ನಾಡಿನಲ್ಲಿ, ಅಳತೆ ತೂಕಗಳ ಕಾಯ್ದೆ 1956ರಲ್ಲಿ ಮೆಟ್ರಿಕ್ ಪದ್ಧತಿಯನ್ನು ತಂದ ಮೇಲೂ ಎರಡು ಲೆಕ್ಕಗಳು ಜೊತೆಜೊತೆಗೇ ನಡೆದುದರಿಂದ ಇಂಥ ಬೆರಕೆ ಸಹಜವಾಗಿತ್ತು.

ಬೋಲ್ಟಿನ ಅಳತೆ ಸರಿಯಿದ್ದಾಗಲೂ ಥ್ರೆಡ್ಡು ಕೆಡುವುದಕ್ಕೆ ಬಹುಮಟ್ಟಿಗೆ ಮೂಲವಾಗುವುದು ಬೋಲ್ಟಿನ ತಲೆಯಡಿಯ ತಾಮ್ರದ ವಾಷರು. ಮೃದುವಾದ ತಾಮ್ರವು ಒತ್ತಡಕ್ಕೆ ಅದುಮಿಕೊಂಡು ಆಯಿಲ್ ಜಿನುಗದಂತೆ ತಡೆಯುತ್ತದೆ, ಆದರೆ ಒಮ್ಮೆ ಅದುಮಿದ ತಾಮ್ರ ಗಡುಸಾಗುತ್ತದೆ. ಅದನ್ನೇ ಮತ್ತೆ ಬಳಸಿದಾಗ ಹನಿ ಹನಿ ಸೋರುತ್ತದೆ, ಸೋರಿದ್ದಕ್ಕೆ ಇನ್ನಷ್ಟು ಬಿಗಿಯುತ್ತಾರೆ, ಬಿಗಿದದ್ದಕ್ಕೆ ಥ್ರೆಡ್ಡು ಕಿತ್ತುಬರುತ್ತದೆ. ವಾಷರನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಪುನಃ ಮೆತ್ತಗಾಗುತ್ತದೆ. ಉಕ್ಕನ್ನು ಹೀಗೆ ಮಾಡಿದರೆ ಗಡುಸಾಗುತ್ತದೆಂಬುದನ್ನು ಬಲ್ಲವರಿಗೆ ಇದು ತಲೆಕೆಳಗಾದ ವಿದ್ಯೆಯಂತೆ ಕಾಣಬಹುದು. ಕೆಲವರು ಕೊಳಾಯಿ ರಿಪೇರಿಯವರಂತೆ ಬೋಲ್ಟಿಗೆ ನೂಲಿನ ಎಳೆ ಸುತ್ತಿ ಬಿಗಿಯುವುದೂ ಉಂಟು, ಆದರೆ ಅದರಿಂದ ಸೋರಿಕೆಗೆ ಕೆಲವು ದಿನಗಳ ತಡೆ ದೊರೆತೀತೇ ಹೊರತು ಹೋದ ಹಿಡಿತ ಮರಳುವುದಿಲ್ಲ.

ಕಾರಿಗಾಗಿ ವರ್ಷಗಟ್ಟಲೆ ಸರದಿ ಕಾಯಬೇಕಿದ್ದ ಪರ್ಮಿಟ್ ಕಾಲದಲ್ಲಿ, ಬಿಡಿಭಾಗಗಳ ಆಮದಿಗೂ ಕಡಿವಾಣವಿದ್ದುದರಿಂದ, ಕೆಟ್ಟ ಸಂಪನ್ನು ಎಸೆಯುವ ಮಾತೇ ಇರಲಿಲ್ಲ. ಅದು ಲೇತಿನ ಅಂಗಡಿಗೆ ಹೋಗುತ್ತಿತ್ತು. ಲೇತು ಎಂದರೆ ಲೋಹವನ್ನು ತಿರುಗಿಸುತ್ತ ಕಡೆಯುವ ಯಂತ್ರ. ಕರ್ನಾಟಕದಲ್ಲಿ ಅದರ ತಯಾರಿಕೆಗೇ ಒಂದು ಪರಂಪರೆಯಿದ್ದು, ಹರಿಹರದ ಮೈಸೂರು ಕಿರ್ಲೋಸ್ಕರ್ 1940ರ ದಶಕದಿಂದಲೂ ಬೆಂಗಳೂರಿನ ಎಚ್‌ಎಂಟಿ 1950ರ ದಶಕದಿಂದಲೂ ಲೇತುಗಳನ್ನು ಮಾಡಿದವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೋಟಾರು ಬಿಡಿಭಾಗಗಳೂ ಎಸ್.ಜೆ.ಪಿ. ರಸ್ತೆಯಲ್ಲಿ ಹಾರ್ಡ್‌ವೇರ್ ಸಾಮಾನುಗಳೂ ಸಿಗುವಂತಾದುದರಿಂದ ಹಳೆಯ ಕಾರಿನವರಿಗೆ ಈ ಎರಡು ರಸ್ತೆಗಳ ನಡುವೆಯೇ ಬಹುಪಾಲು ಕೆಲಸ ಮುಗಿಯುತ್ತಿತ್ತು. ಅಂಗುಲದ ಲೇತಿನಲ್ಲಿ ಮಿಲಿಮೀಟರಿನ ಥ್ರೆಡ್ಡು ಕೊರೆಯಬೇಕಾದಾಗ ಬಳಸುವ 127 ಹಲ್ಲುಗಳ ಚಕ್ರವೊಂದಿದೆ. ಐದು ಅಂಗುಲಕ್ಕೆ ಸರಿಯಾಗಿ 127 ಮಿ.ಮೀ. ಆಗುವುದರಿಂದ, ಮತ್ತು ಆ ಸಂಖ್ಯೆಯನ್ನು ಬೇರಾವುದರಿಂದಲೂ ಭಾಗಿಸಲಾಗದುದರಿಂದ, ಅದಕ್ಕಿಂತ ಚಿಕ್ಕ ಚಕ್ರದಿಂದ ಲೆಕ್ಕ ಕರಾರುವಾಕ್ಕಾಗಿ ಕೂಡಿಬರುವುದಿಲ್ಲ.

ರಿಪೇರಿಯ ಕ್ರಮ ಹೀಗಿರುತ್ತದೆ. ಮೊದಲು ಕೆಟ್ಟ ರಂಧ್ರವನ್ನು ದೊಡ್ಡದು ಮಾಡಿ, ಟ್ಯಾಪ್ ಎಂಬ ಥ್ರೆಡ್ಡು ಕೊರೆಯುವ ಉಕ್ಕಿನ ಕಡ್ಡಿಯನ್ನು ಗ್ರೀಸು ಸವರಿ ಇಳಿಸುತ್ತಾರೆ. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿದಾಗ ಲೋಹದ ಸಿಪ್ಪೆ ತುಂಡಾಗಿ ಗ್ರೀಸಿಗೆ ಅಂಟಿಕೊಳ್ಳುತ್ತದೆ, ಇಲ್ಲವಾದರೆ ಅದು ಸಂಪಿನೊಳಗೆ ಬಿದ್ದು ಮುಂದೆ ಬೇರಿಂಗುಗಳನ್ನು ತಿನ್ನುವ ಭಯವಿರುತ್ತದೆ. ಸಂಪನ್ನು ಕಳಚಿಯೇ ಈ ಕೆಲಸ ಮಾಡಬೇಕೆಂದು ಹಳಬರು ಹಟ ಹಿಡಿಯುವುದು ಇದಕ್ಕಾಗಿಯೇ, ಮತ್ತು ಅವರ ಹಟ ಸರಿಯಾದುದೇ ಆಗಿದೆ. ದೊಡ್ಡದಾದ ರಂಧ್ರಕ್ಕೆ ದೊಡ್ಡ ಬೋಲ್ಟನ್ನೇ ಹಾಕಬಹುದು. ಆದರೆ ಮುಂದಿನ ಸಲ ಕೆಟ್ಟಾಗ ಕೊರೆಯಲು ಲೋಹ ಉಳಿದಿರುವುದಿಲ್ಲ. ತಗಡಿನ ಸಂಪಾದರೆ ಹಳೆಯ ನಟ್ಟನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವುದು ಸುಲಭ. ಅಲ್ಯೂಮಿನಿಯಂ ಸಂಪಿಗೆ ಎರಡನೆಯ ಮಹಾಯುದ್ಧದ ವಿಮಾನಗಳ ಎಂಜಿನ್ನುಗಳಲ್ಲಿ ಬಳಕೆಗೆ ಬಂದ ಹೆಲಿಕಾಯಿಲ್ ಎಂಬ, ವಜ್ರಾಕೃತಿಯ ಅಡ್ಡಕೊಯ್ತವುಳ್ಳ ಉಕ್ಕಿನ ತಂತಿಯ ಸುರುಳಿಯನ್ನು ಇಳಿಸಬಹುದು. ಅದು ದುಬಾರಿಯಾದುದರಿಂದ ಇಲ್ಲಿನ ಲೇತಿನವರು ಹೆಚ್ಚಾಗಿ ನೆಚ್ಚಿದ್ದು ಬುಷ್ ಹಾಕುವುದನ್ನು, ಅಂದರೆ ಒಳಗೂ ಹೊರಗೂ ಥ್ರೆಡ್ಡಿರುವ ಹಿತ್ತಾಳೆಯ ಬಳೆಯೊಂದನ್ನು ಕಡೆದು ರಂಧ್ರದಲ್ಲಿ ಕಾಯಮ್ಮಾಗಿ ಕೂರಿಸುವುದನ್ನು.

ಬುಷ್ಷಿನ ಒಳಥ್ರೆಡ್ಡು ಮೂಲ ಕಾರಿನದೇ ಆಗಿರಬೇಕೆಂಬ ಕಟ್ಟಳೆಯಿಲ್ಲ. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಜಪಾನೀ ಅಳತೆಯ ಬೋಲ್ಟುಗಳು ಸುಲಭವಾಗಿ ದೊರೆಯತೊಡಗಿದ್ದರಿಂದ, ಹೊರಮೈಯನ್ನು ಅಂಗುಲದಲ್ಲೂ ಒಳಮೈಯನ್ನು ಮಿಲಿಮೀಟರಿನಲ್ಲೂ ಕೊರೆದು, ಹಳೆಯ ಇಂಗ್ಲಿಷ್ ಎಂಜಿನ್ನಿಗೆ ಪೇಟೆಯಲ್ಲಿ ಸಿಗುವ ಬೋಲ್ಟನ್ನು ಹೊಂದಿಸಿಬಿಡಬಹುದು. ಕೆಳಗೆ ಮಲಗಿ ನೋಡಿದವರಿಗೆ ಬೋಲ್ಟಿನ ತಲೆಯಷ್ಟೇ ಕಾಣುವುದರಿಂದ ಒಳಗಿನ ಈ ಬದಲಾವಣೆ ಗೊತ್ತಾಗುವುದಿಲ್ಲ. ಹಾಗಾಗಿ ಅಂಥ ಕಾರನ್ನು ಮುಂದೆ ಕೊಂಡವರು ಅಂಗಡಿಯಲ್ಲಿ ಕಾರಿನ ಹೆಸರು, ಮಾಡೆಲ್ಲು, ವರ್ಷವೆಲ್ಲವನ್ನೂ ಸರಿಯಾಗಿ ಹೇಳಿ ತಂದ ಬೋಲ್ಟು ಕೂರದೇ ಹೋಗಿ, ಎರಡನೆಯ ಸಲ ಹಳೆಯ ಬೋಲ್ಟನ್ನೇ ಸ್ಯಾಂಪಲ್ಲಾಗಿ ಕೈಯಲ್ಲಿ ಹಿಡಿದು ಹೋಗಬೇಕಾಗುತ್ತದೆ.