ಜಿಐಎಫ್, ಜೆಪಿಇಜಿ, ಪಿಎನ್‌ಜಿ: ಒಂದು ಗುಂಪು ಭಾವಚಿತ್ರ ಕಲಿಸಿದ ಚರಿತ್ರೆ



ಕಳೆದ ವರ್ಷ 1987ರ ಎಸ್.ಎಸ್.ಎಲ್.ಸಿ. ತಂಡದವರು ನಮಗೆಲ್ಲ ಗುರುವಂದನೆ ಏರ್ಪಡಿಸಿದ್ದರು. ಸ್ಮರಣ ಸಂಚಿಕೆಗೆಂದು ಆ ವರ್ಷದ ಗುಂಪು ಭಾವಚಿತ್ರವನ್ನು ನನ್ನಲ್ಲಿ ಕೇಳಿದರು. ನನ್ನ ಬಳಿಯಿದ್ದ ಪ್ರತಿಯನ್ನು ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿದೆ. ಅವರು ಕೊಟ್ಟದ್ದು ಸುಮಾರು 20 ಎಂಬಿಯ ಪಿಎನ್‌ಜಿ ಕಡತ. ಸಂಚಿಕೆಗೆ ಬೇಕಾದದ್ದು 200 ಕೆಬಿ ಮೀರದ ಜೆಪಿಜಿ. ಅಂತರ್ಜಾಲದಲ್ಲಿ ಚಿತ್ರಗಳನ್ನು ಪರಿವರ್ತಿಸಿಕೊಡುವ ತಾಣವೊಂದಕ್ಕೆ ಕಡತವನ್ನು ಏರಿಸಿದೆ. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು. ಫೋನಿನಲ್ಲಿ ಜಾಗವಿಲ್ಲವೆಂದು ದೊಡ್ಡ ಕಡತವನ್ನು ಅಳಿಸಿಯೂ ಬಿಟ್ಟೆ. ಆ ಮಳೆಗಾಲದಲ್ಲಿ ಗೋಡೆಯ ತೇವಕ್ಕೆ ಮೂಲಪ್ರತಿಯು ಗಾಜಿಗೆ ಅಂಟಿಕೊಂಡು ಹಾಳಾಯಿತು.

ಸಮಾರಂಭದ ಕೆಲ ತಿಂಗಳ ಬಳಿಕ ವೃದ್ಧ ತಾಯಿಯೊಬ್ಬರು ಮನೆಗೆ ಬಂದರು. ಅವರ ಮಗ ಆ ಚಿತ್ರದ ಹಿಂದಿನ ಸಾಲಿನಲ್ಲಿ ನಿಂತಿದ್ದಾನೆ. ಶಾಲೆ ಬಿಟ್ಟ ಮರುವರ್ಷವೇ ತೀರಿಕೊಂಡ ಹುಡುಗ. "ನಮ್ಮನೇಲಿ ಅವನದು ಒಂದು ಫೋಟೋನೂ ಇಲ್ಲ ಮೇಷ್ಟ್ರೇ. ಆ ಮುಖ ಒಂದನ್ನ ದೊಡ್ಡದು ಮಾಡಿಸಿಕೊಡಿ" ಎಂದರು. ದೊಡ್ಡದು ಮಾಡಿಸಿದೆ. ಮುಖವಿದ್ದೆಡೆ ಚೌಕ ಚೌಕವಾದ ಬೂದು ಕಲೆಗಳಷ್ಟೇ ಕಂಡವು. ಜೆಪಿಜಿಯನ್ನು ಮರಳಿ ಪಿಎನ್‌ಜಿ ಮಾಡಿದರೆ ಸರಿಹೋದೀತೆಂದು ಅದನ್ನೂ ಮಾಡಿ ನೋಡಿದೆ. ಕಡತ ನಾಲ್ಕು ಪಟ್ಟು ಉಬ್ಬಿತು, ಮುಖ ಮಾತ್ರ ಮರಳಲಿಲ್ಲ.

ಹೀಗೇಕಾಯಿತೆಂದು ತಿಳಿಯಹೊರಟಾಗ ಈ ಮೂರು ಹೆಸರುಗಳ ಹಿಂದೆ ಒಂದು ಚರಿತ್ರೆಯೇ ಇರುವುದು ಗೋಚರಿಸಿತು.

ನಮ್ಮ ಹುಡುಗರು ಬೆಂಚಿನ ಮೇಲೆ ಸಾಲಾಗಿ ನಿಂತ ಅದೇ 1987ರಲ್ಲಿ ಅಮೆರಿಕದ ಕಂಪ್ಯೂಸರ್ವ್ ಕಂಪನಿಯಲ್ಲಿ ಸ್ಟೀವ್ ವಿಲ್‌ಹೈಟ್ ಮತ್ತು ಸಂಗಡಿಗರು ಜಿಐಎಫ್ ಮಾದರಿಯನ್ನು ರೂಪಿಸಿದರು. ದೂರವಾಣಿ ತಂತಿಯ ಮೂಲಕ ಚಿತ್ರ ತೆವಳುತ್ತ ಬರುತ್ತಿದ್ದ ಕಾಲವದು, ಕಡತ ಚಿಕ್ಕದಾಗಲೇಬೇಕಿತ್ತು. ಆದುದರಿಂದ ಒಂದು ಚಿತ್ರಕ್ಕೆ 256 ಬಣ್ಣಗಳೆಂಬ ಮಿತಿಯನ್ನು ಹಾಕಿಕೊಂಡರು. ಆ ಮಿತಿಯೊಳಗೆ ಏನನ್ನೂ ಕಳೆಯದೆ ಅಡಕಗೊಳಿಸಲು, 1984ರಲ್ಲಿ ಟೆರಿ ವೆಲ್ಚ್ ಪ್ರಕಟಿಸಿದ್ದ ಎಲ್‌ಜಡ್‌ಡಬ್ಲ್ಯೂ ಎಂಬ ವಿಧಾನವನ್ನು ಬಳಸಿದರು.

ಆ ವಿಧಾನಕ್ಕೆ ಪೇಟೆಂಟ್ ಇತ್ತು. ಅದು ಯೂನಿಸಿಸ್ ಕಂಪನಿಯ ಕೈಯಲ್ಲಿತ್ತು. 1994ರ ಡಿಸೆಂಬರ್ ಕೊನೆಯಲ್ಲಿ, ಜಿಐಎಫ್ ಬಳಸುವ ತಂತ್ರಾಂಶಗಳನ್ನು ತಯಾರಿಸುವವರು ಪರವಾನಗಿ ಪಡೆಯಬೇಕೆಂಬ ಪ್ರಕಟಣೆ ಹೊರಬಿತ್ತು. ತಂತ್ರಾಂಶ ಬರೆಯುವವರು ಕೆರಳಿದರು. ಕೆಲವೇ ದಿನಗಳಲ್ಲಿ, 1995ರ ಜನವರಿಯಲ್ಲಿ, ಥಾಮಸ್ ಬೂಟೆಲ್ ಎಂಬುವರು ಹೊಸ ಮಾದರಿಯೊಂದರ ಕರಡನ್ನು ಹಂಚಿದರು. ಹಲವರು ಕೈಜೋಡಿಸಿ ಅದನ್ನು ತಿದ್ದಿದರು. ಅದೇ ಪಿಎನ್‌ಜಿ, 1996ರ ಅಕ್ಟೋಬರ್‌ನಲ್ಲಿ ಅದಕ್ಕೆ ವಿಶ್ವವ್ಯಾಪಿ ಜಾಲದ ಮಾನಕ ಸಂಸ್ಥೆಯ ಮನ್ನಣೆ ದೊರೆಯಿತು. ಯಾರಿಗೂ ಕಪ್ಪ ಕೊಡಬೇಕಿಲ್ಲ, 256ರ ಮಿತಿಯಿಲ್ಲ, ಒಂದು ಚುಕ್ಕೆಯೂ ನಷ್ಟವಾಗುವುದಿಲ್ಲ. ಆ ಪೇಟೆಂಟ್ ಅಮೆರಿಕದಲ್ಲಿ 2003ರಲ್ಲಿ ಮುಗಿದುಹೋಯಿತು. ಜಗಳದಲ್ಲಿ ಹುಟ್ಟಿದ ಪಿಎನ್‌ಜಿ ಉಳಿಯಿತು.

ಜೆಪಿಇಜಿಯ ಕಥೆ ಬೇರೆ. ಅದರ ಬೇರು ನಮ್ಮ ಬೆಂಗಳೂರಿನವರೆಗೂ ಚಾಚಿದೆ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ನಾಸಿರ್ ಅಹ್ಮದ್ ಅವರು ಇಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು, ಅಮೆರಿಕಕ್ಕೆ ತೆರಳಿ ಡಾಕ್ಟರೇಟ್ ಗಳಿಸಿದರು. ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಒಂದು ಹೊಸ ಗಣಿತ ವಿಧಾನದ ಅಧ್ಯಯನಕ್ಕೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯ ಕೇಳಿದರು, ದೊರೆಯಲಿಲ್ಲ. ವಿಚಾರವು ತೀರ ಸರಳವಾಯಿತೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದರೆಂದು ಅವರೇ ಮುಂದೆ ಸ್ಮರಿಸಿಕೊಂಡಿದ್ದಾರೆ. ಆದರೂ ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಅದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಹತ್ತನೆಯ ತರಗತಿಯಲ್ಲಿ ನೀವೆಲ್ಲ ಮನಸ್ಸಿನಲ್ಲೇ ನನ್ನನ್ನು ಬೈದುಕೊಂಡು ಕಲಿತ ಕೊಸೈನೇ ಅದು!

1986ರಲ್ಲಿ ರಚನೆಯಾದ ತಜ್ಞರ ಸಮಿತಿಯೊಂದು ಈ ಗಣಿತವನ್ನೇ ಆಧಾರವಾಗಿಟ್ಟುಕೊಂಡು 1992ರಲ್ಲಿ ಜೆಪಿಇಜಿಯನ್ನು ಅಂತಿಮಗೊಳಿಸಿತು. ಅದು ಚಿತ್ರವನ್ನು ಅಡ್ಡಕ್ಕೆ 8, ಉದ್ದಕ್ಕೆ 8 ಚುಕ್ಕೆಗಳ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ 64 ಚುಕ್ಕೆಗಳನ್ನು, ನಿಧಾನವಾಗಿ ಬದಲಾಗುವ ಮತ್ತು ಸೂಕ್ಷ್ಮವಾಗಿ ಬದಲಾಗುವ ಅಲೆಗಳ ಮೊತ್ತವಾಗಿ ಬರೆದುಕೊಳ್ಳುತ್ತದೆ. ನಮ್ಮ ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮಗಳನ್ನು ಒರಟಾಗಿಸುತ್ತದೆ, ಇಲ್ಲವೇ ಬಿಟ್ಟೇಬಿಡುತ್ತದೆ. ಹದವಾಗಿ ಬಿಟ್ಟರೆ ನಮಗೆ ತಿಳಿಯುವುದೇ ಇಲ್ಲ. ನಾನಾದರೋ 20 ಎಂಬಿಯನ್ನು 200 ಕೆಬಿಗೆ, ಅಂದರೆ ಸುಮಾರು ನೂರರಲ್ಲೊಂದು ಪಾಲಿಗೆ ಹಿಂಡಿಸಿದ್ದೆ. ತಾಣವು ಚಿತ್ರದ ಅಳತೆಯನ್ನೂ ಕುಗ್ಗಿಸಿ, ಸೂಕ್ಷ್ಮಗಳನ್ನೂ ಕೈಬಿಟ್ಟಿತ್ತು. ಹಿಂದಿನ ಸಾಲಿನ ಮುಖವೊಂದಕ್ಕೆ ಉಳಿದದ್ದು ಕೆಲವೇ ಚೌಕಗಳು. ದೋಷ ಅಹ್ಮದರ ಗಣಿತದ್ದಲ್ಲ, ನನ್ನ ಅವಸರದ್ದು.

ಮರಳಿ ಪಿಎನ್‌ಜಿ ಮಾಡಿದಾಗ ಏನಾಯಿತೆಂಬುದೂ ಈಗ ಅರ್ಥವಾಗುತ್ತದೆ. ಪಿಎನ್‌ಜಿ ತನ್ನ ಕೈಗೆ ಕೊಟ್ಟದ್ದನ್ನು ನಿಷ್ಠೆಯಿಂದ ಕಾಯುತ್ತದೆ. ನಾನು ಕೊಟ್ಟದ್ದು ಬರೀ ಕಲೆ, ಅದು ಆ ಕಲೆಯನ್ನೇ ಕಾಯಿತು. ಬೆಲ್ಲವನ್ನು ನೀರಿನಲ್ಲಿ ಕರಗಿಸಿದರೆ ಕಬ್ಬಿನ ಹಾಲು ಆಗುವುದಿಲ್ಲ. ಸಂಬಂಧಿಕರ ಹುಡುಗನೊಬ್ಬ ಕೃತಕ ಬುದ್ಧಿಮತ್ತೆಯಿಂದ ಆ ಮುಖವನ್ನು ತಿದ್ದಿಸಿಕೊಟ್ಟ. ಅಚ್ಚುಕಟ್ಟಾದ ಕಣ್ಣು, ಮೂಗು, ನಗು ಎಲ್ಲವೂ ಬಂದವು. ಆ ತಾಯಿ ಬಹಳ ಹೊತ್ತು ನೋಡಿ, "ಚೆನ್ನಾಗೈತೆ ಮೇಷ್ಟ್ರೇ. ಆದ್ರೆ ಇವನು ನಮ್ಮ ಹುಡುಗ ಅಲ್ಲ" ಎಂದು ಹಿಂದಿರುಗಿಸಿದರು.

ಪರಿವರ್ತನೆ ಬೇಡವೆಂದು ನಾನು ಹೇಳುತ್ತಿಲ್ಲ. ಅರ್ಜಿಗೆ, ಸಂಚಿಕೆಗೆ ಅದು ಬೇಕೇ ಬೇಕು. ಆದರೆ ಪ್ರತಿಯನ್ನು ಪರಿವರ್ತಿಸಿ, ಮೂಲವನ್ನು ಬೇರೆಡೆ ಜೋಪಾನವಾಗಿಡಿ. ನೀವು ಏರಿಸಿದ ಚಿತ್ರ ಇನ್ಯಾರದೋ ಯಂತ್ರಕ್ಕೆ ಹೋಗುತ್ತದೆಂಬುದೂ ನೆನಪಿರಲಿ. ಗುರುತಿನ ಚೀಟಿಗಳನ್ನು ಗೊತ್ತಿಲ್ಲದ ತಾಣಗಳಿಗೆ ಕೊಡಬೇಡಿ.

ಕೊನೆಯದಾಗಿ ಒಂದು ಬೇಡಿಕೆ. 1987ರಲ್ಲಿ ಆ ಚಿತ್ರದ ಪ್ರತಿಗಳನ್ನು ನಿಮ್ಮಲ್ಲಿ ಹಲವರು ಕೊಂಡಿದ್ದಿರಿ. ಯಾರದಾದರೂ ಟ್ರಂಕಿನ ತಳದಲ್ಲಿ, ದೇವರ ಕೋಣೆಯ ಗೋಡೆಯ ಮೇಲೆ ಅದು ಇದ್ದೀತು. ದಯವಿಟ್ಟು ಹುಡುಕಿ. ಸಿಕ್ಕರೆ ಫೋನಿನಲ್ಲಿ ಫೋಟೋ ಹೊಡೆದು ಕಳಿಸಬೇಡಿ. ನನಗೆ ತಿಳಿಸಿ, ನಾನೇ ಬಂದು ಸ್ಕ್ಯಾನ್ ಮಾಡಿಸಿಕೊಂಡು ಹೋಗುತ್ತೇನೆ. ಆ ತಾಯಿಗೆ ಎಂಬತ್ತು ದಾಟಿದೆ.